ಮುಯ್ಯಿ ಕಡಿಮೆಯಾದರೆ ಪಿಸಿನಾರಿಯೇ?

ಪ್ರಶ್ನೆ: ಎರಡು ಹಸು, ಒಂದಿಷ್ಟು ಹಿಪ್ಪುನೇರಳೆ ತೋಟ, ಯಜಮಾನರಿಗೆ ನರಸಾಪುರದ ಕಡೆ ಕಾರ್ಖಾನೆ ಕೆಲಸ. ಮನೆಯ ದುಡ್ಡು ನನ್ನ ಕೈಯಲ್ಲಿ. ಮೊನ್ನೆ ನಾದಿನಿಯ ಮಗಳ ಮದುವೆಗೆ ಹಳೇ ಸೀರೆ ಉಟ್ಟು ಹೋದೆ, ಮುಯ್ಯಿ ಐನೂರು ಹಾಕಿದೆ. ನಾಲ್ಕು ಜನರೆದುರು ಯಜಮಾನರೇ ‘ಇವಳು ಪಿಸಿನಾರಿ’ ಎಂದು ನಕ್ಕರು. ಅತ್ತೆಯ ಕಣ್ಣಿನ ಪೊರೆ ಆಪರೇಷನ್ನನ್ನು ಮುಂದಿನ ಹಾಲಿನ ಬಟವಾಡೆಗೆ, ಅದರಾಚೆಗೆ ಎಂದು ತಳ್ಳಿದ್ದನ್ನೂ ಎತ್ತಿ ಆಡಿದರು. ಬೋರ್‌ವೆಲ್ ಸಾಲ ತೀರಲೆಂದಲ್ಲವೇ ನಾನು ಬಿಗಿ ಹಿಡಿದದ್ದು? ನಾನು ನಿಜಕ್ಕೂ ಜಿಪುಣಿಯೇ?
– ಗೃಹಿಣಿ, ವೇಮಗಲ್

ಉತ್ತರ: ಸೀರೆ, ಮುಯ್ಯಿಗಳ ವಿಷಯದಲ್ಲಿ ಅಲ್ಲ. ಸಾವಿರ ಅಡಿ ಕೊರೆದರೂ ನೀರಿನ ಭರವಸೆಯಿಲ್ಲದ ಜಿಲ್ಲೆಯಲ್ಲಿ ಬೋರ್‌ವೆಲ್ ಸಾಲ ಎಂದರೇನೆಂದು ಅಲ್ಲಿ ನಕ್ಕವರಿಗೂ ಗೊತ್ತು.

ನಿಮ್ಮ ಕಡೆ ಮನೆಯೊಳಗೆ ಕನ್ನಡವೂ ತೆಲುಗೂ ಓಡಾಡುವುದರಿಂದ ಬೈಗುಳಕ್ಕೆ ಬರವಿಲ್ಲ: ಜಿಪುಣ, ಜುಗ್ಗ, ಪಿಸಿನಾರಿ. ಮೆಚ್ಚುವ ಮಾತಿಗೇ ಬರ. ‘ಮಿತವ್ಯಯ’ ಸರ್ಕಾರಿ ಸುತ್ತೋಲೆ ಬಿಟ್ಟು ಹೊರಗೆ ಬಂದಿಲ್ಲ. ‘ಉಳಿತಾಯ’, ತೆಲುಗಿನ ‘ಪೊದುಪು’, ಇವು ಸಂಘದ ಪುಸ್ತಕಕ್ಕೆ. 2000–01ರಲ್ಲಿ ಸ್ತ್ರೀಶಕ್ತಿ ಯೋಜನೆ ಬಂದ ಮೇಲೆ ವಾರವಾರ ತಪ್ಪದೆ ದುಡ್ಡು ಕಟ್ಟುವ ಹೆಂಗಸಿಗೆ ಸಂಘದಲ್ಲಿ ಮರ್ಯಾದೆ. ಅದೇ ಹೆಂಗಸು ಮದುವೆಮನೆಯಲ್ಲಿ ಕೈ ಬಿಗಿ ಹಿಡಿದರೆ ಪಿಸಿನಾರಿ. ಗಂಡಸು ಹಿಡಿದರೆ ‘ಲೆಕ್ಕಾಚಾರದ ಮನುಷ್ಯ’! ಇದು ನನಗೆ ಎಂದೂ ಅರ್ಥವಾಗಿಲ್ಲ.

ನಾನು ನೋಡುವುದು ಇಷ್ಟೇ: ದುಡ್ಡು ಉಳಿದದ್ದು ಯಾರ ಪಾಲಿನದು? ನಿಮ್ಮದೇ ಜಿಲ್ಲೆಯ ಮುಳಬಾಗಿಲಲ್ಲಿ ಹುಟ್ಟಿದ ಡಿ.ವಿ.ಜಿ. ಸಿರಿವಂತರಾಗಿರಲಿಲ್ಲ. 1970ರಲ್ಲಿ ಬೆಂಗಳೂರಿನ ನಾಗರಿಕರು ಸನ್ಮಾನಿಸಿ ಕೊಟ್ಟ ಒಂದು ಲಕ್ಷ ರೂಪಾಯಿಯನ್ನು ಅಷ್ಟೂ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಗೇ ಒಪ್ಪಿಸಿದರು. ತಮ್ಮ ಮಟ್ಟಿಗೆ ಸರಳವಾಗಿ ಬದುಕಿದವರನ್ನು ಯಾರೂ ಜಿಪುಣರೆನ್ನಲಿಲ್ಲ. ನೀವು ಹಳೇ ಸೀರೆ ಉಟ್ಟದ್ದು ನಿಮ್ಮ ಪಾಲಿನ ಉಳಿತಾಯ. ಅತ್ತೆಯ ಕಣ್ಣು ನಿಮ್ಮ ಪಾಲಿನದಲ್ಲ. ಅಲ್ಲಿ ಮಾತ್ರ, ಬೇಸರಿಸಬೇಡಿ, ನಿಮ್ಮವರ ಮಾತಿನಲ್ಲಿ ಹುರುಳಿದೆ. ಆ ವಯಸ್ಸಿನಲ್ಲಿ ಮಸುಕುಗಣ್ಣಿನಲ್ಲಿ ಎಡವಿ ಬಿದ್ದು ಸೊಂಟ ಮುರಿದರೆ ಬೋರ್‌ವೆಲ್ ಸಾಲವೇ ಚಿಕ್ಕದೆನಿಸೀತು.

ಇನ್ನೊಂದು. ಸಾಲ ಎಷ್ಟಿದೆ, ಎಷ್ಟು ತೀರಿದೆ ಎಂದು ಯಜಮಾನರಿಗೆ ಪಾಸ್‌ಬುಕ್ ತೋರಿಸಿದ್ದೀರಾ? ಕಾಗದದಲ್ಲಿ ಆ ಮಾತಿಲ್ಲ. ಒಬ್ಬರೇ ಲೆಕ್ಕ ಹೊತ್ತರೆ ಮಿಕ್ಕವರ ಕಣ್ಣಿಗೆ ಕಾಣುವುದು ‘ಇಲ್ಲ’ ಎನ್ನುವ ಬಾಯಿ ಮಾತ್ರ. ಒಂದು ರಾತ್ರಿ ಊಟವಾದ ಮೇಲೆ ಇಬ್ಬರೂ ಕೂತು ಓದಿ. ನಾಲ್ಕು ಜನರೆದುರು ನಕ್ಕದ್ದು ನೋವಾಯಿತೆಂದು ಆಗಲೇ ಹೇಳಿ. ನೆಂಟರ ಮುಂದೆ ಬೇಡ.

ಅದಕ್ಕೂ ಮೊದಲು ಅತ್ತೆಯವರನ್ನು ಈ ವಾರವೇ ಕೋಲಾರದ ಎಸ್‌.ಎನ್‌.ಆರ್. ಜಿಲ್ಲಾಸ್ಪತ್ರೆಯ ಕಣ್ಣಿನ ವಿಭಾಗಕ್ಕೆ ಕರೆದೊಯ್ಯಿರಿ. ಸರ್ಕಾರಿ ಆಸ್ಪತ್ರೆಯಲ್ಲಿ ಪೊರೆ ಶಸ್ತ್ರಚಿಕಿತ್ಸೆ ಉಚಿತ, ಬಟವಾಡೆಗೆ ಕಾಯಬೇಕಾಗಿಲ್ಲ.