ಕಸೂತಿಯ ಹಿಂದಿನ ಮಗ್ಗಲು

ಧಾರವಾಡದ ಕಡೆ ಕಸೂತಿ ಹಳೆಯ ಕೆಲಸ. ಇಳಕಲ್ ಸೀರೆಯ ಮೇಲೆ ಗೋಪುರ, ತೇರು, ಆನೆ, ತುಳಸಿಕಟ್ಟೆ ಮೂಡುತ್ತವೆ. ಮೊದಲೇ ಗೆರೆ ಬರೆಯುವುದಿಲ್ಲ. ಬಟ್ಟೆಯ ಎಳೆ ಎಣಿಸುತ್ತಾ ಸೂಜಿ ಹಾಕಬೇಕು. ದಾರಕ್ಕೆ ಗಂಟು ಹಾಕುವಂತಿಲ್ಲ. ಒಂದು ಎಳೆ ತಪ್ಪಿದರೆ ಬಿಚ್ಚಬೇಕು. ಕಣ್ಣು ಸೋಲುತ್ತದೆ, ಸೊಂಟ ಹಿಡಿಯುತ್ತದೆ.

ಇಷ್ಟು ಮಾಡಿದವಳಿಗೆ ಸಿಗುವುದು ಕೂಲಿ ಮಾತ್ರ. ಸೀರೆ ಕೊಂಡವರ ಮುಖವನ್ನು ಅವಳು ನೋಡುವುದೇ ಇಲ್ಲ.

ಈಗ ಕೈಗೆ ಫೋನು ಬಂದಿದೆ. ಫೋಟೋ ತೆಗೆದು ದೂರದ ಗಿರಾಕಿಗೆ ನಾವೇ ಕಳಿಸಬಹುದು. ಮಹಿಳಾ ಸಂಘದ ಜಗಲಿಯಲ್ಲಿ ಇಬ್ಬರು ಇದನ್ನೇ ಮಾತಾಡುತ್ತಿದ್ದಾರೆ. ಕೇಳಿ.

"ಅಕ್ಕಾರ, ವಾಟ್ಸಾಪಿನಾಗ ಸೀರಿ ಫೋಟೋ ಕಳಿಸಿದೆ. ಇದು ಮಷಿನ್ ಕೆಲಸ ಅಂದ್ರು."

"ಹಿಂದಿನ ಮಗ್ಗಲು ತೋರಿಸೀಯೇನು ತಂಗಿ?"

"ಹಿಂದಿಂದು ಯಾರು ನೋಡ್ತಾರ?"

"ನೋಡಬೇಕಾದ್ದು ಅದನ್ನ!"

ಅಕ್ಕ ಹೇಳಿದ್ದು ಸರಿ. ಗವಂತಿ ಮತ್ತು ಮುರಗಿ ಹೊಲಿಗೆ ಎರಡೂ ಕಡೆ ಒಂದೇ ಥರ ಕಾಣುತ್ತವೆ. ಮಷಿನ್ ಕೆಲಸದ ಹಿಂದೆ ಹೆಚ್ಚಾಗಿ ಬೇರೆ ದಾರವೇ ಕಾಣುತ್ತದೆ. ಆದ್ದರಿಂದ ಎರಡು ಫೋಟೋ ಕಳಿಸಿ. ಬಾಗಿಲ ಹತ್ತಿರ, ಹಗಲು ಬೆಳಕಿನಲ್ಲಿ ತೆಗೆಯಿರಿ. ಫೋನಿನಲ್ಲಿ ಬಣ್ಣ ಸ್ವಲ್ಪ ಬೇರೆ ಕಾಣಬಹುದು. ಅದನ್ನು ಮೊದಲೇ ಹೇಳಿಬಿಡಿ. ಆಮೇಲೆ ಸೀರೆ ವಾಪಸ್ ಬರುವುದು ತಪ್ಪುತ್ತದೆ.

ಬೆಲೆ ಹೇಳುವಾಗ ಬಟ್ಟೆ, ದಾರ, ಅಂಚೆ ಖರ್ಚು ಎಲ್ಲರೂ ಲೆಕ್ಕ ಹಿಡಿಯುತ್ತಾರೆ. ತಮ್ಮ ದಿನಗಳನ್ನೇ ಮರೆಯುತ್ತಾರೆ. "ಮನೆಯಲ್ಲಿ ಕೂತು ಹಾಕಿದ್ದು, ಅದಕ್ಕೇನು ದುಡ್ಡು?" ಅನ್ನುತ್ತಾರೆ. ಗದ್ದೆಗೆ ಹೋದ ದಿನಕ್ಕೆ ಕೂಲಿ ಇಲ್ಲವೇ? ಇದಕ್ಕೂ ಇದೆ.

ಇನ್ನು ಹಣದ ಮಾತು. ಇಲ್ಲಿ ತುಸು ನಿಧಾನವಾಗಿ ಓದಿ.

ಯುಪಿಐ 2016ರಲ್ಲಿ ಬಂತು. ಅದರಿಂದ ಗಿರಾಕಿಯ ಹಣ ನೇರವಾಗಿ ನಿಮ್ಮ ಖಾತೆಗೇ ಬರುತ್ತದೆ. ಒಬ್ಬ ಫೋನ್ ಮಾಡುತ್ತಾನೆ ಅನ್ನಿ. "ಐದು ಸೀರೆ ಬೇಕು. ಹಣ ಕಳಿಸಿದ್ದೇನೆ. ಪಿನ್ ಒತ್ತಿ, ನಿಮಗೆ ಬರುತ್ತದೆ" ಎನ್ನುತ್ತಾನೆ. ಒತ್ತಬೇಡಿ! ಹಣ ಪಡೆಯಲು ಪಿನ್ ಬೇಡ. ಒತ್ತಿದರೆ ನಿಮ್ಮ ಹಣವೇ ಹೋಗುತ್ತದೆ. ಹಣ ಹಾಕಿದ ಚಿತ್ರ ಕಳಿಸಿದರೂ ನಂಬಬೇಡಿ. ಅಂಥ ಚಿತ್ರವನ್ನು ಸುಳ್ಳೇ ಮಾಡಬಹುದು. ಖಾತೆ ನೋಡಿ, ಆಮೇಲೆ ಸೀರೆ ಕಳಿಸಿ. ಮೋಸ ಹೋದರೆ ನಾಚಿಕೊಂಡು ಕೂರಬೇಡಿ. ತಡಮಾಡದೆ 1930ಕ್ಕೆ ಫೋನ್ ಮಾಡಿ.

ಈಗ ಒಂದು ಚೀಟಿ ಬರೆಯಿರಿ. ಸೀರೆಯೋ, ಕುಪ್ಪಸದ ಖಣವೋ? ಯಾವ ಹೊಲಿಗೆ? ಎಷ್ಟು ದಿನ ಹಿಡಿಯಿತು? ಬೆಲೆ ಎಷ್ಟು? ಕೆಳಗೆ ನಿಮ್ಮ ಹೆಸರು ಬರೆಯಿರಿ. ಫೋಟೋ ಜೊತೆ ಈ ಚೀಟಿಯನ್ನೂ ಕಳಿಸಿ.