ಗಂಟುರೋಗದ ಪತ್ತೆಗೆ ಸೂಕ್ಷ್ಮದರ್ಶಕದ ಮೇಲೊಂದು ಕ್ಯಾಮೆರಾ

ರೇಷ್ಮೆ ಬೆಳೆಗಾರರು ಬಹಳವಾಗಿ ಅಂಜುವ ರೋಗಗಳಲ್ಲಿ ಗಂಟುರೋಗ ಮುಖ್ಯವಾದುದು. ಪೆಬ್ರಿನ್ ಎಂದೂ ಕರೆಯುವ ಈ ರೋಗಕ್ಕೆ ನೊಸೀಮಾ ಬಾಂಬಿಸಿಸ್ ಎಂಬ ಸೂಕ್ಷ್ಮಜೀವಿ ಕಾರಣ. ಇದು ತಾಯಿ ಚಿಟ್ಟೆಯಿಂದ ಮೊಟ್ಟೆಯ ಮೂಲಕವೇ ಮರಿಹುಳುವಿಗೆ ದಾಟುತ್ತದೆ. 1865ರಿಂದ ಫ್ರಾನ್ಸಿನ ದಕ್ಷಿಣ ಭಾಗದಲ್ಲಿ ಲೂಯಿ ಪಾಶ್ಚರ್ ನಡೆಸಿದ ಅಧ್ಯಯನದ ಫಲವಾಗಿ, ಮೊಟ್ಟೆಯಿಟ್ಟ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುವ ಕ್ರಮ ಬಳಕೆಗೆ ಬಂತು. ಬಿತ್ತನೆ ಕೋಠಿಗಳು ಇಂದಿಗೂ ಇದನ್ನೇ ಅನುಸರಿಸುತ್ತವೆ.

ಆದರೆ ಸೂಕ್ಷ್ಮದರ್ಶಕದಲ್ಲಿ ಒಮ್ಮೆಗೆ ಒಬ್ಬರೇ ನೋಡಲು ಸಾಧ್ಯ. ಕಲಿಯುವವನು ನೋಡಿದ್ದು ರೋಗಾಣುವೋ ಕೊಬ್ಬಿನ ಹನಿಯೋ ಎಂದು ಕಲಿಸುವವನಿಗೆ ತಿಳಿಯದು. ಶಾಲೆಗಳಲ್ಲಿ ಬಳಸುವ ಸಾಧಾರಣ ಸೂಕ್ಷ್ಮದರ್ಶಕಕ್ಕೆ ಒಂದು ಕ್ಯಾಮೆರಾ ಜೋಡಿಸಿದರೆ, ಹತ್ತಾರು ಜನ ಒಟ್ಟಿಗೆ ಕಂಪ್ಯೂಟರಿನ ಪರದೆಯ ಮೇಲೆ ನೋಡಿ ಚರ್ಚಿಸಬಹುದು.

ಜೋಡಿಸುವ ವಿಧಾನ

1. ಮಸೂರವನ್ನು ತಿರುಗಿಸಿ ಬಿಚ್ಚಲು ಬರುವ ವೆಬ್ ಕ್ಯಾಮೆರಾ ಆರಿಸಿಕೊಳ್ಳಬೇಕು. ಮಸೂರ ತೆಗೆದ ಮೇಲೆ ಒಳಗೆ ಕಾಣುವ ಸಂವೇದಕವನ್ನು ಬೆರಳಿನಿಂದ ಮುಟ್ಟಬಾರದು, ಧೂಳೂ ಬೀಳಬಾರದು.

2. ಸೂಕ್ಷ್ಮದರ್ಶಕದ ಕಣ್ಣುಮಸೂರವನ್ನು ತೆಗೆಯಬೇಕು. 160 ಮಿ.ಮೀ. ಕೊಳವೆಯ ಸೂಕ್ಷ್ಮದರ್ಶಕಗಳಲ್ಲಿ ಬಿಂಬವು ಕೊಳವೆಯ ಬಾಯಿಂದ ಸುಮಾರು 10 ಮಿ.ಮೀ. ಕೆಳಗೆ ಮೂಡುತ್ತದೆ. ಆದ್ದರಿಂದ ಸಂವೇದಕವನ್ನು ಆದಷ್ಟೂ ಅದರ ಹತ್ತಿರಕ್ಕೆ ತರಬೇಕು.

3. ಕೊಳವೆಗೆ ಸರಿಯಾಗಿ ಹೊಂದುವ ಪ್ಲಾಸ್ಟಿಕ್ ಪೈಪಿನ ತುಂಡಿಗೆ ಒಳಗಡೆ ಕಪ್ಪು ಕಾಗದ ಅಂಟಿಸಿ, ಅದರ ಮೇಲೆ ಕ್ಯಾಮೆರಾವನ್ನು ನೆಟ್ಟಗೆ ಕೂರಿಸಬೇಕು. ಹೊರಗಿನ ಬೆಳಕು ನುಸುಳಬಾರದು. ಕ್ಯಾಮೆರಾದ ತಂತಿಯನ್ನು ಪಕ್ಕದ ಆಧಾರಕ್ಕೆ ಕಟ್ಟಿದರೆ ಜಗ್ಗುವುದಿಲ್ಲ.

ಈ ಕೆಲಸ ಬೇಡವೆನ್ನುವವರು ಕಣ್ಣುಮಸೂರದ ಜಾಗದಲ್ಲೇ ಕೂರುವ ಸಿದ್ಧ ಕ್ಯಾಮೆರಾ ಕೊಳ್ಳಬಹುದು. ಕೊಳ್ಳುವ ಮುನ್ನ ಕೊಳವೆಯ ಒಳವ್ಯಾಸವನ್ನು ಅಳೆಯುವುದು ಒಳ್ಳೆಯದು. ಹಲವು ಸೂಕ್ಷ್ಮದರ್ಶಕಗಳಲ್ಲಿ ಅದು ಸುಮಾರು 23 ಮಿ.ಮೀ. ಇರುತ್ತದೆ.

ಪರೀಕ್ಷೆ

ಬೆಳವಣಿಗೆಯಲ್ಲಿ ಹಿಂದುಳಿದ ಹುಳುಗಳನ್ನು ಶೇ. 0.6ರ ಪೊಟ್ಯಾಸಿಯಂ ಕಾರ್ಬೊನೇಟ್ ದ್ರಾವಣದಲ್ಲಿ ಅರೆದು, ಹತ್ತಿಯಲ್ಲಿ ಸೋಸಿ, ಒಂದು ಹನಿಯನ್ನು ಗಾಜುಪಟ್ಟಿಯ ಮೇಲಿಟ್ಟು ತೆಳು ಗಾಜು ಮುಚ್ಚಬೇಕು. ಮೊದಲು 10ರ ಮಸೂರದಲ್ಲಿ ಬಿಂಬವನ್ನು ಸ್ಪಷ್ಟಗೊಳಿಸಿ, ಬಳಿಕ 40ರ ಮಸೂರಕ್ಕೆ ಬದಲಾಯಿಸಬೇಕು. ಬೆಳಕಿನ ರಂಧ್ರವನ್ನು ತುಸು ಕಿರಿದುಗೊಳಿಸಿದರೆ ರೋಗಾಣುವಿನ ಅಂಚು ಎದ್ದು ಕಾಣುತ್ತದೆ.

ಗಂಟುರೋಗದ ಬೀಜಾಣುಗಳು ಮೊಟ್ಟೆಯಾಕಾರದವು, ಹೊಳೆಯುವಂಥವು. ಉದ್ದ ಸುಮಾರು 3 ರಿಂದ 4 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಸಾವಿರದ ಮೂರು ನಾಲ್ಕು ಪಾಲು. ಸಂವೇದಕ 3.6 ಮಿ.ಮೀ. ಅಗಲವಿದ್ದರೆ, 40ರ ಮಸೂರದಲ್ಲಿ ಪರದೆಯ ಮೇಲೆ ಕಾಣುವ ಭಾಗ 90 ಮೈಕ್ರಾನ್ ಮಾತ್ರ. ಪರದೆ 30 ಸೆಂ.ಮೀ. ಅಗಲವಿದ್ದಲ್ಲಿ ಒಂದು ಬೀಜಾಣು ಒಂದು ಸೆಂಟಿಮೀಟರಿಗೂ ಮಿಕ್ಕಿ ಕಾಣುತ್ತದೆ. ನೋಟದ ಕ್ಷೇತ್ರ ಹೀಗೆ ಕಿರಿದಾಗುವುದರಿಂದ ಗಾಜುಪಟ್ಟಿಯನ್ನು ಸರಿಸುತ್ತ ಹಲವು ಕಡೆ ನೋಡಬೇಕು.

ನೆನಪಿಡಬೇಕಾದ ಮಾತು

ಪರದೆ ದೊಡ್ಡದಾದ ಮಾತ್ರಕ್ಕೆ ಹೊಸ ವಿವರ ಕಾಣದು. ಸ್ಪಷ್ಟತೆ ಕೆಳಗಿನ ಮಸೂರದ ಗುಣವನ್ನೇ ಅವಲಂಬಿಸಿದೆ. ಶಿಲೀಂಧ್ರದ ಬೀಜಾಣು, ಪರಾಗದ ಕಣ, ಕೊಬ್ಬಿನ ಹನಿಗಳು ಹೊಸಬರ ಕಣ್ಣನ್ನು ಮೋಸಗೊಳಿಸುತ್ತವೆ. ಒಂದು ಗಾಜುಪಟ್ಟಿಯಲ್ಲಿ ರೋಗಾಣು ಕಾಣದಿದ್ದರೆ ಇಡೀ ಬೆಳೆ ರೋಗಮುಕ್ತವೆಂದು ತಿಳಿಯಬಾರದು. ಅನುಮಾನ ಬಂದ ಕೂಡಲೇ ಚಿತ್ರವನ್ನೂ ಹುಳುಗಳ ಮಾದರಿಯನ್ನೂ ಹತ್ತಿರದ ರೇಷ್ಮೆ ತಾಂತ್ರಿಕ ಸೇವಾ ಕೇಂದ್ರಕ್ಕೆ ಒಯ್ದು ಖಚಿತಪಡಿಸಿಕೊಳ್ಳಬೇಕು.

ರೋಗ ಖಚಿತವಾದರೆ ಆ ಬೆಳೆಯ ಮೇಲಿನ ಆಸೆಯನ್ನು ಬಿಡುವುದೇ ಲೇಸು. ಹುಳು, ಹಿಕ್ಕೆ, ಉಳಿದ ಸೊಪ್ಪನ್ನೆಲ್ಲ ಸುಟ್ಟು, ಮನೆ ಮತ್ತು ಸಲಕರಣೆಗಳನ್ನು ಶೇ. 2ರ ಬ್ಲೀಚಿಂಗ್ ಪುಡಿ ಹಾಗೂ ಶೇ. 0.3ರ ಅರಳಿದ ಸುಣ್ಣದ ದ್ರಾವಣದಿಂದ ಸೋಂಕುರಹಿತಗೊಳಿಸಬೇಕು. ಒಂದು ಬೆಳೆಯನ್ನು ಕಳೆದುಕೊಂಡವನು ಮುಂದಿನ ಬೆಳೆಯಲ್ಲಿ ಚೇತರಿಸಿಕೊಳ್ಳಬಹುದು. ರೋಗವನ್ನು ಬಚ್ಚಿಟ್ಟರೆ ನೆರೆಯವರ ಮನೆಯ ತಟ್ಟೆಗಳೂ ಬರಿದಾಗುತ್ತವೆ.