ತು-ಕು, ತು-ಕು: ಟ್ರಂಪೆಟ್ಟಿನ ನಾಲಿಗೆ ಪಾಠ

ಗೆಳೆಯರೇ, ಮದುವೆ ಬ್ಯಾಂಡಿನಲ್ಲಿ ಟ್ರಂಪೆಟ್ ಕೇಳಿದ್ದೀರಲ್ಲ? ಸ್ವರಗಳು ಬಿಡಿಬಿಡಿಯಾಗಿ ಬರಬೇಕಾದರೆ ಊದುವಾಗ ನಾಲಿಗೆ ‘ತು’ ಅನ್ನಬೇಕು. ಗಂಟಲಿನ ದನಿ ಬೇಡ, ಉಸಿರು ಸಾಕು.

ವೇಗ ಹೆಚ್ಚಿದರೆ ನಾಲಿಗೆಯ ತುದಿ ಸೋಲುತ್ತದೆ. ಆಗ ‘ತು-ಕು, ತು-ಕು’ ಎನ್ನಬೇಕು. ವ್ಯಾಕರಣ ಪಾಠ ನೆನಪಿದೆಯಾ? ತ ದಂತ್ಯ, ಕ ಕಂಠ್ಯ. ತುದಿ ಮತ್ತೆ ಹಲ್ಲಿಗೆ ಬರುವಷ್ಟರಲ್ಲಿ ನಾಲಿಗೆಯ ಹಿಂಭಾಗ ಒಂದು ಸ್ವರ ಮುಗಿಸಿರುತ್ತದೆ! ಮೂರು ಮೂರು ಸ್ವರ ಬಂದರೆ ‘ತು-ತು-ಕು’. ಫ್ರಾನ್ಸಿನ ಅರ್ಬಾನ್ ಎಂಬ ಮೇಷ್ಟ್ರು ಬರೆದು 1864ರಲ್ಲಿ ಪ್ರಕಟವಾದ ಪುಸ್ತಕದಲ್ಲೂ ಈ ಪಾಠವಿದೆ. ಅದನ್ನು ಇಂದಿಗೂ ಬಳಸುತ್ತಾರೆ.

ಹೊಸಬರಿಗೆ ‘ಕು’ ಸಪ್ಪೆಯಾಗಿ ಬರುತ್ತದೆ. ಅದಕ್ಕೇ ಬರೀ ‘ಕು-ಕು-ಕು’ ನಿಧಾನವಾಗಿ ಊದಿ, ‘ತು’ವಿನಷ್ಟೇ ಗಟ್ಟಿ ಮಾಡಿಕೊಳ್ಳಬೇಕು. ಆತುರಪಟ್ಟರೆ ಬಾಜಾ ಕುಂಟುತ್ತದೆ.

ನಮ್ಮಲ್ಲಿ ಟ್ರಂಪೆಟ್ ಇಲ್ಲ, ನಾಲಿಗೆ ಇದೆಯಲ್ಲ! ಶಾಲೆಗೆ ಬರುವಾಗ ಹೆಜ್ಜೆಗೊಂದು ‘ತು-ಕು’ ಅಂದು ನೋಡಿ.